ಬರೆದವನ ಕೈಗೆ ಸಿಗದ ಜಾಗ

(ದಾವಣಗೆರೆಯಲ್ಲಿ ವಕೀಲರು, ಕಾಮರ್ಸ್ ವಿದ್ಯಾರ್ಥಿಗಳು ಮತ್ತು ಮಂಡಿ ವರ್ತಕರು ಸೇರಿದ್ದ ಸಭೆಯಲ್ಲಿ, ವ್ಯಾಜ್ಯದ ಲೆಕ್ಕ ನೋಡುವ ಸಿಎ ಒಬ್ಬರು ಸುಳ್ಳು ಲೆಕ್ಕ ಹಿಡಿಯುವ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟು ಉಳಿದದ್ದು ಇಲ್ಲಿದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಬಿಲ್ ನೋಡೋಣ. ಪರದೆ ಮೇಲಿದೆ. ಹೆಸರು, ವಿಳಾಸ ಅಳಿಸಿದ್ದೇನೆ. ಸಿಮೆಂಟು, ಕಬ್ಬಿಣ ಕೊಂಡ ಬಿಲ್. ತಾರೀಖು 12 ಮಾರ್ಚ್ 2009. ಮೊತ್ತ ₹4,86,000. ಕೆಳಗೆ ಸಹಿ ಇದೆ, ರಬ್ಬರ್ ಸ್ಟಾಂಪ್ ಇದೆ. ಕಾಗದ ಹಳದಿಗೆ ತಿರುಗಿದೆ, ಮಡಿಕೆಯ ಹತ್ತಿರ ಸ್ವಲ್ಪ ಹರಿದಿದೆ. ಇಬ್ಬರು ಪಾಲುದಾರರ ಜಗಳದಲ್ಲಿ ಈ ಕಾಗದ ಕೋರ್ಟಿಗೆ ಬಂದಿತ್ತು. ಇದರಲ್ಲಿ ತಪ್ಪೇನಿದೆ, ಹೇಳಿ.

(ಒಬ್ಬರು ಸಹಿ ಅಂದರು. ಇನ್ನೊಬ್ಬರು ಕೂಡಿದ್ದು ತಪ್ಪಿದೆ ಅಂದರು. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ, "ಸರ್, ರೂಪಾಯಿ ಗುರುತು" ಅಂದರು.)

ಭೇಷ್. ಮೊತ್ತದ ಮುಂದಿರುವ ಆ ಗುರುತನ್ನು ಕೇಂದ್ರ ಸರ್ಕಾರ ಒಪ್ಪಿಕೊಂಡದ್ದು 2010ರ ಜುಲೈ 15ರಂದು. 2009ರ ಮಾರ್ಚಿನಲ್ಲಿ ಅದನ್ನು ಅಚ್ಚು ಹಾಕುವ ಪ್ರಿಂಟರ್ ಈ ದೇಶದಲ್ಲಿ ಒಂದೂ ಇರಲಿಲ್ಲ. ಆಗ ನಾವೆಲ್ಲ 'ರೂ.' ಅಂತ ಬರೆಯುತ್ತಿದ್ದೆವು. ಈ ಬಿಲ್ ಮಾಡಿದವರು ಕಾಗದಕ್ಕೆ ಚಹಾ ಬಳಿದು ಹಳೆಯದು ಮಾಡಿದ್ದರು. ಹಳೆಯ ಬಿಲ್ ಬುಕ್ಕಿನ ನಂಬರು ಹುಡುಕಿ ಹಾಕಿದ್ದರು. ಇಷ್ಟೆಲ್ಲ ಕಷ್ಟಪಟ್ಟವರಿಗೆ ರೂಪಾಯಿ ಗುರುತಿಗೂ ಒಂದು ಹುಟ್ಟಿದ ದಿನ ಇದೆ ಅಂತ ಹೊಳೆಯಲಿಲ್ಲ.

ಇಂಥವು ಇನ್ನೂ ಇವೆ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಹೆಸರು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಕ್ಕೆ ಬಂದವು. ಬೆಂಗಳೂರು, ಮೈಸೂರು, ಬೆಳಗಾವಿ, ತುಮಕೂರು ಎಲ್ಲ. 2011ರ ತಾರೀಖಿನ ಇಂಗ್ಲಿಷ್ ಕರಾರು ಪತ್ರದಲ್ಲಿ ಹೊಸ ಸ್ಪೆಲ್ಲಿಂಗ್ ಕಂಡರೆ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದುತ್ತೇನೆ. 2016ರ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರು ಕಂಡರೂ ಅಷ್ಟೆ. ಜಿಎಸ್‌ಟಿ ಬಂದದ್ದೇ 2017ರ ಜುಲೈ 1ಕ್ಕೆ. ಪಾಕಿಸ್ತಾನದಲ್ಲಿ ಪ್ರಧಾನಿಯಾಗಿದ್ದ ನವಾಜ್ ಷರೀಫ್ ಕುಟುಂಬದ ಆಸ್ತಿಯ ಪ್ರಕರಣ ನೆನಪಿರಬಹುದು. 2006ರದ್ದು ಎಂದು ಕೊಟ್ಟ ಟ್ರಸ್ಟ್ ಪತ್ರ ಕ್ಯಾಲಿಬ್ರಿ ಎನ್ನುವ ಅಕ್ಷರದಲ್ಲಿ, ಅಂದರೆ ಫಾಂಟಿನಲ್ಲಿ, ಇತ್ತು. ಆ ಅಕ್ಷರ ಎಲ್ಲರ ಕಂಪ್ಯೂಟರಿಗೆ ಬಂದದ್ದು 2007ರಲ್ಲಿ. 2017ರಲ್ಲಿ ತನಿಖಾ ತಂಡ ಅದನ್ನೇ ಹಿಡಿದುಕೊಂಡಿತು. ಆದರೆ ಇದನ್ನೂ ಹೇಳಿಬಿಡುತ್ತೇನೆ: ಆ ಪತ್ರದ ಕೇಸಿನಲ್ಲಿ ಷರೀಫರ ಮಗಳು ಮರ್ಯಮ್‌ಗೆ ಕೆಳ ನ್ಯಾಯಾಲಯದಲ್ಲಿ ಶಿಕ್ಷೆ ಆಯಿತು, 2022ರಲ್ಲಿ ಇಸ್ಲಾಮಾಬಾದ್ ಹೈಕೋರ್ಟಿನಲ್ಲಿ ಬಿಡುಗಡೆಯೂ ಆಯಿತು. ಅಕ್ಷರ ಅನುಮಾನ ಹುಟ್ಟಿಸುತ್ತದೆ. ಕೇಸು ಗೆಲ್ಲಲು ಅದೊಂದೇ ಸಾಲದು.

ನಾನು ಲೆಕ್ಕದವನು. ಸಿಎ ಮಾಡಿ ಕೆಲವು ವರ್ಷ ಎಲ್ಲರಂತೆ ಆಡಿಟ್ ಮಾಡಿದೆ. ಆಮೇಲೆ ವ್ಯಾಜ್ಯದ ಲೆಕ್ಕ ನೋಡುವ ಕೆಲಸಕ್ಕೆ ಬಿದ್ದೆ. ಕಂಪ್ಯೂಟರ್ ಬಿಚ್ಚುವ ಕೆಲಸ ನನ್ನ ಜೊತೆಗಾರರದ್ದು. ಇವತ್ತು ಅವರು ಸಾಕ್ಷಿ ಹೇಳಲು ಹೋಗಿದ್ದಾರೆ, ಹಾಗಾಗಿ ಅವರ ಪಾಲಿನ ಮಾತನ್ನೂ ನಾನೇ ಆಡಬೇಕು. ಹೊರಗಿನಿಂದ ನೋಡಿದರೆ ಎರಡೂ ಬೇರೆ ಕೆಲಸ. ಇಷ್ಟು ವರ್ಷದ ಮೇಲೆ ನನಗೆ ಅವು ಒಂದೇ ಕೆಲಸ ಅನ್ನಿಸುತ್ತದೆ. ಇಬ್ಬರೂ ಹುಡುಕುವುದು ಬರೆದವನ ಕೈಗೆ ಸಿಗದ ಜಾಗವನ್ನು. ಪುಸ್ತಕ ಬರೆಯುವವನಿಗೆ ಪುಸ್ತಕ ಸಿಗುತ್ತದೆ. ಅವನು ಅದರಲ್ಲಿ ಏನು ಬೇಕಾದರೂ ಬರೆಯಬಹುದು. ಆದರೆ ಆ ಪುಸ್ತಕ ಎಲ್ಲೋ ಒಂದು ಕಡೆ ಹೊರಗಿನವರನ್ನು ಮುಟ್ಟಲೇಬೇಕು. ಬ್ಯಾಂಕು, ಲಾರಿ, ತೂಕದ ಚೀಟಿ, ಗಿರಾಕಿ, ತೆರಿಗೆ ಆಫೀಸು. ಆ ಮುಟ್ಟುವ ಜಾಗಕ್ಕೆ ನಾವು ಹೋಗಿ ಕೂರುತ್ತೇವೆ.

ಇದಕ್ಕೆ ನಮ್ಮ ದೇಶದಲ್ಲಿ ಸತ್ಯಂ ಕಂಪನಿಯ ಹಗರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಇಲ್ಲಿರುವ ವಿದ್ಯಾರ್ಥಿಗಳು ಆಗ ಅಂಗನವಾಡಿಗೂ ಹೋಗುತ್ತಿರಲಿಲ್ಲವೇನೋ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2009ರ ಜನವರಿ 7. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕರ ಮಂಡಳಿಗೆ ಒಂದು ಪತ್ರ ಬರೆದರು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ ₹5,361 ಕೋಟಿ ಇದೆ, ಅದರಲ್ಲಿ ₹5,040 ಕೋಟಿ ಇಲ್ಲವೇ ಇಲ್ಲ ಅಂತ ಅದರಲ್ಲಿತ್ತು. ಪುಸ್ತಕದ ಪ್ರತಿ ನೂರು ರೂಪಾಯಿಗೆ ಬ್ಯಾಂಕಿನಲ್ಲಿದ್ದದ್ದು ಆರು ರೂಪಾಯಿ. ಇಲ್ಲದ ಆ ಹಣಕ್ಕೆ ₹376 ಕೋಟಿ ಬಡ್ಡಿಯನ್ನೂ ಬರೆದುಕೊಂಡಿದ್ದರು. ಇಲ್ಲದ ಹಸು ಕಟ್ಟಿ ಹಾಲಿನ ಲೆಕ್ಕ ಬರೆದ ಹಾಗೆ.

ಆ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಖ್ಯೆ ಇದೆ. 2008ರ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳ ಲೆಕ್ಕ ನೋಡಿ. ತೋರಿಸಿದ ಆದಾಯ ₹2,700 ಕೋಟಿ, ನಿಜವಾದದ್ದು ₹2,112 ಕೋಟಿ. ಕಳೆಯಿರಿ. 588. ತೋರಿಸಿದ ಲಾಭ ₹649 ಕೋಟಿ, ನಿಜವಾದದ್ದು ₹61 ಕೋಟಿ. ಕಳೆಯಿರಿ. ಮತ್ತೆ 588. ಬ್ಯಾಂಕಿನಲ್ಲಿ ಇಲ್ಲದ ಹಣ ಆ ಮೂರು ತಿಂಗಳಲ್ಲಿ ಎಷ್ಟು ಹೆಚ್ಚಾಯಿತು ಅಂದರೆ, ಅದೂ ₹588 ಕೋಟಿ.

ಯಾಕೆ ಹೀಗೆ? ನಿಜವಾದ ವ್ಯಾಪಾರ ಹೆಚ್ಚಾದರೆ ಖರ್ಚೂ ಹೆಚ್ಚಾಗುತ್ತದೆ. ಹೆಚ್ಚು ಕೆಲಸ ಬಂದರೆ ಹೆಚ್ಚು ಜನ ಬೇಕು, ಸಂಬಳ ಬೇಕು, ಕರೆಂಟು ಬೇಕು. ಸುಳ್ಳು ವ್ಯಾಪಾರಕ್ಕೆ ಖರ್ಚಿಲ್ಲ. ಬರೆದದ್ದೆಲ್ಲ ಸೀದಾ ಲಾಭಕ್ಕೆ ಹೋಗುತ್ತದೆ. ಇನ್ನು ಜಮಾ-ಖರ್ಚು ತಾಳೆ ಆಗಬೇಕಲ್ಲ? ಒಂದು ಕಡೆ ಆದಾಯ ಬರೆದರೆ ಇನ್ನೊಂದು ಕಡೆ ಏನಾದರೂ ಬರೆಯಲೇಬೇಕು. ಗಿರಾಕಿ ಕೊಡಬೇಕು ಅಂತ ಬರೆದು ಸುಮ್ನೆ ಬಿಟ್ಟರೆ ಬಾಕಿ ಬೆಳೆಯುತ್ತಾ ಹೋಗುತ್ತದೆ, ಯಾರಾದರೂ ಕೇಳುತ್ತಾರೆ. ಹಾಗಾಗಿ ಗಿರಾಕಿ ಕೊಟ್ಟ ಅಂತ ಬರೆಯಬೇಕು. ಕೊಟ್ಟ ಮೇಲೆ ಹಣ ಎಲ್ಲಿದೆ? ಬ್ಯಾಂಕಿನಲ್ಲಿ. ಸುಳ್ಳು ಹೀಗೆ ಜಾರುತ್ತಾ ಜಾರುತ್ತಾ ಕೊನೆಗೆ ಬ್ಯಾಂಕಿನ ಬಾಗಿಲಿಗೇ ಬಂದು ನಿಂತಿತು. ಬ್ಯಾಂಕು ಸತ್ಯಂನವರ ಕೈಯಲ್ಲಿ ಇರಲಿಲ್ಲ.

ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು? ಇದು ಮಂಡಿಯವರಿಗೂ ಅರ್ಥವಾಗುವ ಕಥೆ. ಆಡಿಟರ್ ಆದವನು ಬ್ಯಾಂಕಿಗೆ ತಾನೇ ಪತ್ರ ಬರೆದು, ಉತ್ತರವನ್ನು ತನ್ನ ಆಫೀಸಿಗೇ ತರಿಸಿಕೊಳ್ಳಬೇಕು. ಸತ್ಯಂ ವಿಷಯದಲ್ಲಿ ಬ್ಯಾಂಕಿಗೆ ಪತ್ರ ಕಳಿಸುವ ಮತ್ತು ಉತ್ತರ ತರಿಸುವ ಕೆಲಸವನ್ನು ಆಡಿಟರುಗಳು ಕಂಪನಿಯ ಕೈಗೇ ಬಿಟ್ಟಿದ್ದರು ಎಂದು ಅಮೆರಿಕದ ಷೇರು ನಿಯಂತ್ರಕರು ಹೇಳಿದರು. 2011ರ ಏಪ್ರಿಲ್‌ನಲ್ಲಿ ಆ ಆಡಿಟ್ ಮಾಡಿದ ಪ್ರೈಸ್ ವಾಟರ್‌ಹೌಸ್‌ನ ಭಾರತದ ಸಂಸ್ಥೆಗಳ ಮೇಲೆ 60 ಲಕ್ಷ ಡಾಲರ್ ದಂಡವನ್ನೂ ಹಾಕಿದರು. ಸೊಸೆಯ ಒಡವೆ ಸರಿ ಇದೆಯಾ ಅಂತ ಅತ್ತೆಯನ್ನೇ ಕೇಳಿದ ಹಾಗಾಯಿತು.

ಈಗ ಕಂಪ್ಯೂಟರ್ ಕಡೆ ಬನ್ನಿ. ಸತ್ಯಂನಲ್ಲಿ ಬಿಲ್ ಮಾಡಲು ಅವರದೇ ಒಂದು ಸಾಫ್ಟ್‌ವೇರ್ ಇತ್ತು. ಅದರಲ್ಲಿ ಒಂದು ಸೂಪರ್ ಯೂಸರ್ ಲಾಗಿನ್. ಆ ಲಾಗಿನ್‌ನಲ್ಲಿ ಹೋಗಿ ಬಿಲ್ ಮಾಡಿದರೆ, ಅದನ್ನು ಆಯಾ ವಿಭಾಗದವರ ಕಣ್ಣಿಗೆ ಬೀಳದಂತೆ ಅಡಗಿಸಿಡಬಹುದಿತ್ತು. ಯಾಕೆ ಅಡಗಿಸಬೇಕು? ಒಂದು ಪ್ರಾಜೆಕ್ಟ್ ನಡೆಸುವ ಮ್ಯಾನೇಜರ್ ತನ್ನ ಪಟ್ಟಿ ತೆಗೆದಾಗ, ತಾನು ಮಾಡದ ಕೆಲಸಕ್ಕೆ ಬಿಲ್ ಕಂಡರೆ ಸುಮ್ಮನಿರುತ್ತಾನಾ? ಫೋನ್ ಮಾಡುತ್ತಾನೆ. ಅದಕ್ಕೇ ಸುಳ್ಳು ಬಿಲ್ಲುಗಳಿಗೆಲ್ಲ ಅಡಗಿಸುವ ಗುರುತು ಹಾಕಿದರು. ಲೆಕ್ಕದ ವಿಭಾಗಕ್ಕೆ ಕಾಣಬೇಕು, ಕೆಲಸ ಮಾಡುವವರಿಗೆ ಕಾಣಬಾರದು.

ತನಿಖೆಯವರು ಬಂದಾಗ ಏನಾಯಿತು? ಸಾವಿರಾರು ನಿಜವಾದ ಬಿಲ್ಲುಗಳ ನಡುವೆ ಸುಳ್ಳು ಬಿಲ್ಲನ್ನು ಒಂದೊಂದಾಗಿ ಆರಿಸಬೇಕಿತ್ತು. ಆ ಗುರುತೇ ಆರಿಸಿ ಕೊಟ್ಟಿತು. ಅಡಗಿಸಿದ್ದೆಲ್ಲ ತೋರಿಸು ಅಂದರೆ ಸಾಕು, ಪಟ್ಟಿ ಸಿದ್ಧ. ಸಿಬಿಐ ಲೆಕ್ಕ ಹಾಕಿದ ಸುಳ್ಳು ಬಿಲ್ಲುಗಳು 7,561. ಕಳ್ಳ ತನ್ನ ಕದ್ದ ಮಾಲಿಗೆಲ್ಲ ತಾನೇ ಚೀಟಿ ಅಂಟಿಸಿಟ್ಟಿದ್ದ. ಈ ಕಥೆ ಹೇಳುವಾಗ ನನಗೆ ಪ್ರತಿ ಸಲವೂ ನಗು ಬರುತ್ತದೆ, ಕ್ಷಮಿಸಿ. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ 10 ಜನರನ್ನು ತಪ್ಪಿತಸ್ಥರು ಎಂದಿತು. ರಾಜುಗೆ 7 ವರ್ಷ. ಮುಂದೆ ಮೇಲ್ಮನವಿ, ಮರುತಿಂಗಳೇ ಜಾಮೀನು. ಆ ಭಾಗ ವಕೀಲರಿಗೆ ಗೊತ್ತೇ ಇದೆ.

ದೊಡ್ಡವರ ಕಥೆ ಆಯಿತು. ಈಗ ನಮ್ಮ ಕೈಯಲ್ಲೇ ಕೆಟ್ಟ ಒಂದು ಕೇಸು ಹೇಳುತ್ತೇನೆ. ಊರಿನ ಹೆಸರು ಬೇಡ.

ಮೆಕ್ಕೆಜೋಳದ ವ್ಯಾಪಾರ. ಇಬ್ಬರು ಪಾಲುದಾರರು, ಇಪ್ಪತ್ತು ವರ್ಷದ ಸ್ನೇಹ. ಒಬ್ಬರು ಎರಡನೇ ನಂಬರಿನ ಲೆಕ್ಕ ಇಟ್ಟಿದ್ದಾರೆ ಅಂತ ಇನ್ನೊಬ್ಬರ ದೂರು. ಅಂಗಡಿಯ ಲ್ಯಾಪ್‌ಟಾಪ್ ದೂರು ಕೊಟ್ಟವರ ಮನೆಯಲ್ಲಿತ್ತು. ವಕೀಲರು ನಮಗೆ ಫೋನ್ ಮಾಡಿ, "ಎಲ್ಲ ಸಿಕ್ಕಿದೆ ಸಾರ್, ಹುಡುಗ ತೆಗೆದಿಟ್ಟಿದ್ದಾನೆ" ಅಂದರು. ಆ ಮಾತು ಕೇಳಿದಾಗಲೇ ನನ್ನ ಜೊತೆಗಾರರು ತಲೆ ಮೇಲೆ ಕೈ ಇಟ್ಟುಕೊಂಡರು.

ಹುಡುಗ ಅಂದರೆ ದೂರುದಾರರ ಅಕ್ಕನ ಮಗ. ಬಿ.ಸಿ.ಎ. ಓದುತ್ತಿದ್ದ. ಬುದ್ಧಿವಂತ, ಮಾವನ ಮೇಲೆ ಪ್ರೀತಿ ಇರುವವನು. 11 ದಿನ, ರಾತ್ರಿ ಊಟ ಆದ ಮೇಲೆ ಕೂತು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ತೆರೆದು ನೋಡಿದ್ದಾನೆ. ಬೇಕಾದ ಫೈಲುಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡಿದ್ದಾನೆ. ಅಳಿಸಿದ್ದನ್ನು ತರುವ ಒಂದು ಸಾಫ್ಟ್‌ವೇರನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಅದೇ ಲ್ಯಾಪ್‌ಟಾಪಿಗೆ ಹಾಕಿದ್ದಾನೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಯಾಕೆಂದರೆ ಫೈಲ್ ಅಳಿಸಿದಾಗ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅದು ತಕ್ಷಣ ಹೋಗುವುದಿಲ್ಲ. ಪುಸ್ತಕದ ಪರಿವಿಡಿಯಿಂದ ಹೆಸರು ಮಾತ್ರ ಹೋಗುತ್ತದೆ, ಪುಟ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸದೇನಾದರೂ ಬರೆದಾಗ ಪುಟ ಹೋಗುತ್ತದೆ. ಹುಡುಗ ಹಾಕಿದ ಸಾಫ್ಟ್‌ವೇರ್ ಎಷ್ಟು ಪುಟಗಳ ಮೇಲೆ ಕೂತಿತೋ ದೇವರೇ ಬಲ್ಲ. ಈಗಿನ ಎಸ್‌ಎಸ್‌ಡಿ ಇದ್ದರೆ ಅಷ್ಟೂ ಇಲ್ಲ. ಅಳಿಸಿದ ಜಾಗವನ್ನು ಅದು ತಾನಾಗಿಯೇ ಗುಡಿಸಿಬಿಡುತ್ತದೆ.

ಪಾಟಿ ಸವಾಲಿನಲ್ಲಿ ಎದುರಿನ ವಕೀಲರು ಜೋರು ಮಾಡಲಿಲ್ಲ. ಮೆಲ್ಲಗೆ ಕೇಳಿದರು. ಈ ಲ್ಯಾಪ್‌ಟಾಪ್ 11 ದಿನ ಯಾರ ಹತ್ತಿರ ಇತ್ತು? ಆ ದಿನಗಳಲ್ಲಿ ಎಷ್ಟು ಫೈಲಿನ ತಾರೀಖು ಬದಲಾಗಿದೆ? ಆ ಹುಡುಗ ನೋಡಿದ್ದಷ್ಟೇ, ಬರೆದಿಲ್ಲ ಅಂತ ನೀವು ಹೇಗೆ ಹೇಳುತ್ತೀರಿ? ಹುಡುಗ ಒಂದು ಅಕ್ಷರವನ್ನೂ ತಿದ್ದಿರಲಿಲ್ಲ ಅಂತ ನನಗೆ ಈಗಲೂ ನಂಬಿಕೆ ಇದೆ. ನನ್ನ ನಂಬಿಕೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಲ್ಯಾಪ್‌ಟಾಪ್ ಬರೆದವನ ಕೈ ಬಿಟ್ಟು ಓದುವವನ ಕೈಗೆ ಬಂದಿತ್ತು, ಅಷ್ಟೆ. ಕೈಗೆ ಸಿಗದ ಜಾಗ ಅಂತ ಅಂದೆನಲ್ಲ, ಅದು ನಮ್ಮ ಕೈಗೂ ಸಿಗಬಾರದು.

ಸರಿಯಾಗಿ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಲ್ಯಾಪ್‌ಟಾಪ್ ಬಂದ ಕೂಡಲೇ ಆನ್ ಮಾಡುವುದಿಲ್ಲ. ಡಿಸ್ಕ್ ಹೊರಗೆ ತೆಗೆದು, ರೈಟ್ ಬ್ಲಾಕರ್ ಅನ್ನುವ ಸಣ್ಣ ಪೆಟ್ಟಿಗೆಯ ಮೂಲಕ ನಮ್ಮ ಯಂತ್ರಕ್ಕೆ ಜೋಡಿಸುತ್ತಾರೆ. ಆ ಪೆಟ್ಟಿಗೆ ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಡಿಸ್ಕಿನ ಮೊದಲ ಬಿಟ್‌ನಿಂದ ಕೊನೆಯ ಬಿಟ್‌ವರೆಗೆ, ಖಾಲಿ ಜಾಗವನ್ನೂ ಸೇರಿಸಿ, ಪ್ರತಿ ತೆಗೆಯುತ್ತಾರೆ. ಆಮೇಲೆ ಕೆಲಸವೆಲ್ಲ ಪ್ರತಿಯ ಮೇಲೆ. ಮೂಲ ಡಿಸ್ಕ್ ಸೀಲ್ ಆಗಿ ಬೀರುವಿಗೆ ಹೋಗುತ್ತದೆ.

ಆ ಪ್ರತಿ ಮೂಲದ ಹಾಗೇ ಇದೆ ಅನ್ನಲು ಹ್ಯಾಶ್ ಬೇಕು. ಮಂಡಿಯವರಿಗೆ ಹೇಳುವುದಾದರೆ, ಜೋಳದ ಚೀಲದ ಬಾಯಿ ಹೊಲಿದು ಸೀಲ್ ಹಾಕುತ್ತೀರಲ್ಲ, ಹಾಗೆ. ಆದರೆ ಈ ಸೀಲ್ ಹೊರಗಿನಿಂದ ತಂದದ್ದಲ್ಲ, ಒಳಗಿನ ಕಾಳುಗಳಿಂದಲೇ ಹುಟ್ಟಿದ್ದು. ಒಂದು ಕಾಳು ಬದಲಾದರೂ ಸೀಲಿನ ಅಚ್ಚೇ ಬೇರೆಯಾಗುತ್ತದೆ. ಎಸ್‌ಎಚ್‌ಎ-256 ಅನ್ನುವ ಲೆಕ್ಕ ಹಾಕಿದರೆ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಒಂದು ಪುಟದ ಪತ್ರಕ್ಕೂ 64, ಒಂದು ಇಡೀ ಡಿಸ್ಕಿಗೂ 64. ಪತ್ರದಲ್ಲಿ ಒಂದು ಅಲ್ಪವಿರಾಮ ತೆಗೆದರೆ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಜಪ್ತಿ ಮಾಡಿದ ದಿನ ಮಹಜರಿನಲ್ಲಿ ಆ ಸಾಲು ಬರೆದು ಪಂಚರ ಸಹಿ ಆಗಿದ್ದರೆ, ಐದು ವರ್ಷದ ಮೇಲೆ ಕೋರ್ಟಿನಲ್ಲಿ ಯಾರು ಬೇಕಾದರೂ ಮತ್ತೆ ಲೆಕ್ಕ ಹಾಕಿ ನೋಡಬಹುದು. ನನ್ನನ್ನು ನಂಬಬೇಕಾಗಿಲ್ಲ. ಎಂಡಿ5 ಅಂತ ಹಳೆಯದೊಂದು ಇದೆ, ಈಗಲೂ ಜಾಸ್ತಿ ಜನ ಬಳಸುತ್ತಾರೆ. ಎರಡು ಬೇರೆ ಫೈಲಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದು ಅಂತ 2004ರಲ್ಲೇ ತೋರಿಸಿದ್ದಾರೆ. ಎಸ್‌ಎಚ್‌ಎ-1ಕ್ಕೂ 2017ರಲ್ಲಿ ಅದೇ ಗತಿ ಆಯಿತು. ಹಾಗಾಗಿ 256 ಹಾಕಿ. ಕಂಪ್ಯೂಟರಿಗೆ ಅದೇನೂ ಭಾರ ಅಲ್ಲ.

ವಕೀಲರಿಗೆ ಈಗ ಒಂದು ಜಾಲ್ನಾ ಕಥೆ. ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರ, 2014ರ ವಿಧಾನಸಭೆ ಚುನಾವಣೆ. ನಾಮಪತ್ರಕ್ಕೆ ಕೊನೆಯ ಗಡುವು ಸೆಪ್ಟೆಂಬರ್ 27ರ ಮಧ್ಯಾಹ್ನ 3 ಗಂಟೆ. ಗೆದ್ದ ಅಭ್ಯರ್ಥಿ ಅರ್ಜುನ್ ಖೋತ್ಕರ್ ಗಡುವು ದಾಟಿದ ಮೇಲೆ ಪತ್ರ ಕೊಟ್ಟರು ಅಂತ ಸೋತವರ ಕೇಸು. ಚುನಾವಣಾಧಿಕಾರಿಯ ಕಚೇರಿಯಲ್ಲಿ ವಿಡಿಯೊ ಕ್ಯಾಮೆರಾ ಇತ್ತು. ಚಿತ್ರದಲ್ಲಿ ಎಲ್ಲ ಕಾಣುತ್ತದೆ. ಆದರೆ ಕೋರ್ಟಿಗೆ ಬಂದದ್ದು ಸಿಡಿ, ಅಂದರೆ ಪ್ರತಿ. ಪ್ರತಿಗೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಕಾರ, ಅದನ್ನು ಯಾವ ಯಂತ್ರದಿಂದ ಹೇಗೆ ತೆಗೆದದ್ದು ಅಂತ ಹೇಳುವ ಪ್ರಮಾಣಪತ್ರ ಬೇಕು. ಅದನ್ನು ಕೊಡಬೇಕಾದವರು ಅಧಿಕಾರಿಗಳು. ಎಷ್ಟು ಸಲ ಕೇಳಿದರೂ ಕೊಡಲಿಲ್ಲ.

ಈ ಪ್ರಮಾಣಪತ್ರದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮಾತೂ ಉಯ್ಯಾಲೆ ಆಡಿತ್ತು. 2005ರಲ್ಲಿ, ಸಂಸತ್ತಿನ ಮೇಲಿನ ದಾಳಿಯ ಕೇಸಿನಲ್ಲಿ, ಅದಿಲ್ಲದಿದ್ದರೂ ನಡೆಯುತ್ತದೆ ಎಂದಿತ್ತು. 2014ರಲ್ಲಿ ಕೇರಳದ ಅನ್ವರ್ ಕೇಸಿನಲ್ಲಿ ಬೇಕೇ ಬೇಕು ಎಂದಿತು. 2018ರಲ್ಲಿ ಮತ್ತೆ ಸ್ವಲ್ಪ ಸಡಿಲ. 2020ರ ಜುಲೈ 14ರಂದು ಮೂವರು ನ್ಯಾಯಮೂರ್ತಿಗಳು ಈ ಜಾಲ್ನಾ ಕೇಸಿನಲ್ಲಿ ಗಂಟು ಬಿಗಿದರು. ಮೂಲ ಸಾಧನವನ್ನೇ ಕೋರ್ಟಿಗೆ ತಂದು ಅದರ ಒಡೆಯರು ಸಾಕ್ಷಿ ಹೇಳಿದರೆ ಪ್ರಮಾಣಪತ್ರ ಬೇಡ. ಪ್ರತಿ ಆದರೆ ಬೇಕು. ಕೊಡಬೇಕಾದವರು ಕೊಡದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ತರಿಸಿಕೊಳ್ಳಿ. ಸೋತ ಅಭ್ಯರ್ಥಿ ತಮ್ಮ ಕೈಲಾದದ್ದನ್ನೆಲ್ಲ ಮಾಡಿದ್ದರು, ಬೇರೆ ಸಾಕ್ಷಿಯೂ ಇತ್ತು. ಹಾಗಾಗಿ ಹೈಕೋರ್ಟು ರದ್ದು ಮಾಡಿದ್ದ ಗೆಲುವು ರದ್ದಾಗಿಯೇ ಉಳಿಯಿತು. ಆದರೆ ಒಂದು ಹಾಳೆ ಕಾಗದಕ್ಕಾಗಿ ಎಷ್ಟು ವರ್ಷ ಹೋಯಿತು ನೋಡಿ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. 65ಬಿ ಜಾಗಕ್ಕೆ 63ನೇ ಕಲಮು. ಪ್ರಮಾಣಪತ್ರಕ್ಕೆ ಈಗ ಅಚ್ಚಾದ ನಮೂನೆಯೇ ಇದೆ, ಎರಡು ಭಾಗ. ಮೊದಲನೆಯದು ದಾಖಲೆ ಕೊಡುವವರದ್ದು, ಎರಡನೆಯದು ತಜ್ಞರದ್ದು. ಎರಡರಲ್ಲೂ ಹ್ಯಾಶ್ ಬರೆಯುವ ಜಾಗ ಇದೆ. ನಮ್ಮಂಥವರು ಮೊದಲು ನಮ್ಮ ಹಟಕ್ಕೆ ಬರೆಯುತ್ತಿದ್ದದ್ದು ಈಗ ಕಾನೂನಿನ ನಮೂನೆಯಲ್ಲೇ ಇದೆ, ಸಂತೋಷ. ಆದರೆ ಅಲ್ಲಿ ಎಂಡಿ5 ಮುಂದೆಯೂ ಒಂದು ಚೌಕ ಇಟ್ಟಿದ್ದಾರೆ. ಅದನ್ನು ಕಂಡಾಗ ನನ್ನ ಜೊತೆಗಾರರ ಮುಖ ನೀವು ನೋಡಬೇಕಿತ್ತು. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಅಂತಲೂ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ. ದೇಶದ ಮೊದಲ ಸೈಬರ್ ಕ್ರೈಂ ಠಾಣೆ 2001ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ಇನ್ನಾದರೂ ಜಪ್ತಿ ಮಾಡಿದ ಮೊಬೈಲನ್ನು ಆನ್ ಇರುವಾಗಲೇ ಬಟ್ಟೆ ಚೀಲಕ್ಕೆ ಹಾಕಿ ಅರಗು ಒತ್ತುವುದು ನಿಲ್ಲಬೇಕು. ಮುದ್ದೆಮಾಲು ಒಳಗಿನಿಂದಲೇ ರಿಂಗಾಗುತ್ತಿರುತ್ತದೆ!

ಒಂದು ಸಣ್ಣ ವಿಷಯ, ಆದರೆ ಬಹಳ ಜನ ಎಡವುವ ಕಲ್ಲು. ಗಡಿಯಾರ. ಇಮೇಲಿನ ಒಳಗಿನ ದಾಖಲೆ, ಸರ್ವರಿನ ದಾಖಲೆ ಬಹಳ ಸಲ ಲಂಡನ್ ಕಡೆಯ ಯುಟಿಸಿ ಸಮಯದಲ್ಲಿರುತ್ತದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಒಂದು ಎಂಟ್ರಿಯ ಸಮಯ ಮಾರ್ಚ್ 31, 18:45 ಅಂತ ಇತ್ತು. ಕಂಪನಿಯವರು, ನೋಡಿ, ಮಾರ್ಚಿನಲ್ಲೇ ಬರೆದಿದ್ದೇವೆ ಅಂದರು. ಐದೂವರೆ ಗಂಟೆ ಸೇರಿಸಿ. ಏಪ್ರಿಲ್ 1, ರಾತ್ರಿ 12:15. ಆರ್ಥಿಕ ವರ್ಷವೇ ಬದಲಾಯಿತು, ಅಲ್ವಾ?

ಸಂಖ್ಯೆಗಳ ಗುಣದ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಮಾತು. 1881ರಲ್ಲಿ ಸೈಮನ್ ನ್ಯೂಕಾಂಬ್ ಎಂಬ ಖಗೋಳ ವಿಜ್ಞಾನಿ ಲಾಗರಿದಮ್ ಪುಸ್ತಕದ ಮೊದಲ ಪುಟಗಳು ಮಾತ್ರ ಕೊಳೆಯಾಗಿರುವುದನ್ನು ಗಮನಿಸಿದರು. ಅಂದರೆ ಜನ 1ರಿಂದ ಶುರುವಾಗುವ ಸಂಖ್ಯೆಗಳನ್ನೇ ಜಾಸ್ತಿ ಹುಡುಕುತ್ತಿದ್ದರು. 1938ರಲ್ಲಿ ಫ್ರಾಂಕ್ ಬೆನ್‌ಫೋರ್ಡ್ ಅದನ್ನು ಹಲವು ಬಗೆಯ ಅಂಕಿಗಳ ಮೇಲೆ ಪರೀಕ್ಷಿಸಿದರು. ಸಹಜವಾಗಿ ಬೆಳೆದ ಲೆಕ್ಕದಲ್ಲಿ ನೂರಕ್ಕೆ ಸುಮಾರು 30 ಸಂಖ್ಯೆಗಳು 1ರಿಂದ ಶುರುವಾಗುತ್ತವೆ, 9ರಿಂದ ಶುರುವಾಗುವವು ಐದೂ ಇರುವುದಿಲ್ಲ. ಕೂತು ಕಲ್ಪಿಸಿ ಬರೆದವನು ಎಲ್ಲ ಅಂಕಿಗೂ ಸಮಪಾಲು ಕೊಡುತ್ತಾನೆ. ಇದು ಚೆಂದದ ಪರೀಕ್ಷೆ. ಆದರೆ ಇದನ್ನೇ ನೆಚ್ಚಿಕೊಂಡು ವರದಿ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒಂದು ಅಂಗಡಿಯ ಲೆಕ್ಕದಲ್ಲಿ 9,800, 9,900, 9,950, ಇಂಥವೇ ತುಂಬಿದ್ದವು. ಜೊತೆಗಿದ್ದ ಹೊಸ ಹುಡುಗ, "ಸಾರ್, ಸಿಕ್ಕಿಬಿದ್ದರು" ಅಂದ. ಒಂದು ದಿನ ಒಬ್ಬರಿಗೆ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯವರು ಆ ಖರ್ಚು ಒಪ್ಪುವುದಿಲ್ಲ. ಆ ವರ್ತಕರು ಕಳ್ಳರಲ್ಲ, ಅವರ ಆಡಿಟರ್ ಹುಷಾರು, ಅಷ್ಟೆ. (ಮಂಡಿಯವರ ಸಾಲಿನಲ್ಲಿ ಜೋರು ನಗು.) ನೀವು ಯಾಕೆ ನಗುತ್ತೀರಿ ಅಂತ ನಾನು ಕೇಳುವುದಿಲ್ಲ.

ಟ್ಯಾಲಿ ಬಗ್ಗೆ ಹೇಳದೆ ಹೋದರೆ ನಮ್ಮ ಬೆಂಗಳೂರಿನ ಸಾಫ್ಟ್‌ವೇರಿಗೆ ಅನ್ಯಾಯ. ಮೊದಲು ಟ್ಯಾಲಿಯಲ್ಲಿ ಹಳೆಯ ವೋಚರ್ ತೆರೆದು, ಮೊತ್ತ ಬದಲಿಸಿ, ಮುಚ್ಚಬಹುದಿತ್ತು. ಹಳೆಯದು ಹೋಯಿತು, ಹೊಸದು ಮೊದಲಿನಿಂದಲೂ ಇದ್ದಂತೆ ಕೂತಿತು. ನಮ್ಮ ಎಷ್ಟೋ ಕೇಸುಗಳು ಅಲ್ಲೇ ಸತ್ತಿವೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು, ಅದನ್ನು ನಿಲ್ಲಿಸುವ ಹಾಗಿಲ್ಲ. ಟ್ಯಾಲಿಯವರು ಅದಕ್ಕೆ ಎಡಿಟ್ ಲಾಗ್ ಅಂತಾರೆ. ಯಾವಾಗ, ಯಾವ ಯೂಸರ್, ಏನಿದ್ದದ್ದು ಏನಾಯಿತು, ಎಲ್ಲ ಕಾಣುತ್ತದೆ. ಆದರೆ ಈ ನಿಯಮ ಕಂಪನಿಗಳಿಗೆ ಮಾತ್ರ. ಪಾಲುದಾರಿಕೆ ಅಂಗಡಿಗಳಿಗೆ ಇಲ್ಲ. ಇನ್ನೊಂದು, ಎಡಿಟ್ ಲಾಗ್ ಯೂಸರ್ ಹೆಸರು ಹೇಳುತ್ತದೆ, ಮನುಷ್ಯನ ಹೆಸರು ಹೇಳುವುದಿಲ್ಲ. ಅಂಗಡಿಯಲ್ಲಿ ಐದು ಜನ ಒಂದೇ 'ಅಡ್ಮಿನ್' ಲಾಗಿನ್, ಪಾಸ್‌ವರ್ಡ್ ಗಣಪತಿ ಪಟದ ಕೆಳಗೆ ಅಂಟಿಸಿದೆ. ಇಂಥ ಕಡೆ ಲಾಗ್ ಇದ್ದೂ ಇಲ್ಲದ ಹಾಗೆ.

ಇಷ್ಟು ಸಾಕು. ಪ್ರಶ್ನೆ ಕೇಳಿ.

(ಒಬ್ಬ ಯುವ ವಕೀಲರು: "ಸರ್, ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿದರೆ ನಡೆಯುತ್ತಾ?")

ದಾವೆ ಹಾಕುವಾಗ ನಿಮ್ಮ ತಿಳುವಳಿಕೆಗೆ ನಡೆಯುತ್ತದೆ. ಸಾಕ್ಷಿಯಾಗಿ ಅದು ಪ್ರತಿಯ ಪ್ರತಿ. ಪ್ರಮಾಣಪತ್ರ ಜೊತೆಗಿಡಿ, ಮತ್ತು ಕಕ್ಷಿದಾರರಿಗೆ ಇವತ್ತೇ ಹೇಳಿ: ಆ ಫೋನ್ ಮಾರಬೇಡಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಮಗನಿಗೆ ಆಟಕ್ಕೆ ಕೊಡಬೇಡಿ. ಹಬ್ಬದ ಆಫರಿನಲ್ಲಿ ಸಾಕ್ಷಿ ಕೊಟ್ಟು ಹೊಸ ಫೋನ್ ತಂದವರನ್ನು ನಾನು ನೋಡಿದ್ದೇನೆ.

(ಹಿರಿಯ ವರ್ತಕರೊಬ್ಬರು ಎದ್ದು ನಿಂತರು. "ಸಾರ್, ನಮ್ಮ ಕಾಲದ ಕೆಂಪು ಬಟ್ಟೆಯ ಖಾತೆ ಕಿರ್ದಿಯೇ ವಾಸಿ ಅಲ್ವಾ? ತಿದ್ದಿದರೆ ಗೊತ್ತಾಗೋದು. ಪುಟ ಹರಿದರೆ ಗೊತ್ತಾಗೋದು.")

ಅರ್ಧ ಸರಿ, ಯಜಮಾನರೇ. ಹೊಲಿದ ಪುಸ್ತಕದಲ್ಲಿ ಮಧ್ಯೆ ಪುಟ ಸೇರಿಸುವುದು ಕಷ್ಟ. ಆದರೆ ಪುಸ್ತಕ ಎಷ್ಟೇ ಚೆನ್ನಾಗಿರಲಿ, ಅದೊಂದನ್ನೇ ನಂಬಿ ಯಾರ ಮೇಲೂ ಹೊಣೆ ಹೊರಿಸಬಾರದು ಅಂತ ಕಾನೂನೇ ಹೇಳುತ್ತದೆ. ಹಳೆಯ ಕಾಯ್ದೆಯ 34, ಈಗ 28ನೇ ಕಲಮು. 1998ರ ಜೈನ್ ಹವಾಲಾ ಕೇಸು ನೆನಪಿದೆಯಾ? ಜೈನ್ ಸಹೋದರರ ಡೈರಿಗಳಲ್ಲಿ ದೊಡ್ಡ ದೊಡ್ಡ ರಾಜಕಾರಣಿಗಳ ಹೆಸರಿನ ಮೊದಲ ಅಕ್ಷರ, ಮುಂದೆ ಮೊತ್ತ. ದೇಶ ಅಲ್ಲಾಡಿತು. ಬಿಡಿ ಹಾಳೆಗಳು ಲೆಕ್ಕದ ಪುಸ್ತಕವೇ ಅಲ್ಲ ಎಂದಿತು ಸುಪ್ರೀಂ ಕೋರ್ಟು. ಪುಸ್ತಕದಲ್ಲಿ ಬರೆದಿದ್ದರೂ ಅದಕ್ಕೆ ಹೊರಗಿನ ಬೆಂಬಲ ಬೇಕು ಎಂದಿತು. ಹಣ ಕೊಟ್ಟದ್ದಕ್ಕೆ ಬೇರೆ ಆಧಾರ ಇರಲಿಲ್ಲ. ನಾನು ಆಗಲೇ ಹೇಳಿದ ಮೆಕ್ಕೆಜೋಳದ ಕೇಸಿನಲ್ಲೂ ಲ್ಯಾಪ್‌ಟಾಪ್ ಕೈಕೊಟ್ಟ ಮೇಲೆ ನಮ್ಮನ್ನು ಉಳಿಸಿದ್ದು ಎರಡು: ಲಾರಿ ಬಿಲ್ಟಿ, ವೇ ಬ್ರಿಡ್ಜಿನ ತೂಕದ ಚೀಟಿ. ಪುಸ್ತಕದಲ್ಲಿ 40 ಲೋಡು, ವೇ ಬ್ರಿಡ್ಜಿನಲ್ಲಿ 63. ತೂಕದವನಿಗೆ ಇಬ್ಬರು ಪಾಲುದಾರರ ಜಗಳ ಗೊತ್ತೇ ಇರಲಿಲ್ಲ.

("ಅಯ್ಯೋ, ತೂಕದ ಚೀಟಿನಾ? ನಮ್ಮವೆಲ್ಲ ಹೋದ ದೀಪಾವಳಿಗೆ ಅಂಗಡಿ ಕ್ಲೀನ್ ಮಾಡುವಾಗ ಒಲೆಗೆ ಹಾಕಿದೆವಲ್ಲ ಸಾರ್.")

ಯಾವ ವೇ ಬ್ರಿಡ್ಜು? ಅವರ ಕಂಪ್ಯೂಟರಿನಲ್ಲಿ ಇರಬಹುದು. ಕಾರ್ಯಕ್ರಮ ಮುಗಿದ ಮೇಲೆ ಊಟಕ್ಕೆ ಹೋಗಬೇಡಿ, ಮೊದಲು ಅಲ್ಲಿಗೆ ಹೋಗಿ ಕೇಳಿ. ಅಕ್ಕನ ಮಗನನ್ನು ಮಾತ್ರ ಕಳಿಸಬೇಡಿ.